ಹಿಂದಿನ ಸೀಟಿನ ತೂಕ

ಮಾರ್ಚ್ 3, ಮಂಗಳವಾರ

ಯಾರಿಗೂ ಹೇಳದ ಒಂದು ಮಾತನ್ನು ಇಲ್ಲಿ ಬರೆದುಬಿಡುತ್ತೇನೆ. ಹಿಂದೆ ಯಾರನ್ನಾದರೂ ಕೂರಿಸಿಕೊಂಡು ಬೈಕ್ ಓಡಿಸಲು ನನಗೆ ಭಯ. ವೇಗಕ್ಕೆ ಭಯವಿಲ್ಲ, ಲಾರಿಗಳಿಗೆ ಭಯವಿಲ್ಲ, ಒದ್ದೆ ರಸ್ತೆಗೂ ಇಲ್ಲ. ಹಿಂದೆ ಒಂದು ಜೀವ ಬಂದು ಕೂತಿತೆಂದರೆ ಮಾತ್ರ ಅಂಗೈ ಬೆವರುತ್ತದೆ. ಆ ಜೀವ ನನಗೆ ಕಾಣದ ಜಾಗದಲ್ಲಿರುತ್ತದೆ. ನಾನು ಹೋದಲ್ಲಿಗೆ ಬರುತ್ತದೆ, ನಾನು ಬಿದ್ದರೆ ಬೀಳುತ್ತದೆ. ಅಷ್ಟೊಂದು ನಂಬಿಕೆಯನ್ನು ಬೆನ್ನಿಗೆ ಅಂಟಿಸಿಕೊಂಡು ಗೇರ್ ಹಾಕುವುದು ಹೇಗೆಂದು ನನಗೆ ತಿಳಿಯುವುದಿಲ್ಲ.

ಕೆಲಸಕ್ಕೆ ಸೇರಿದಾಗಿನಿಂದ ಕೇಳಿದವರಿಗೆಲ್ಲ "ಸೀಟಿನ ಮೇಲೆ ಹಲ್ಲಿನ ಡಬ್ಬಿ ಇದೆ, ಜಾಗ ಇಲ್ಲ" ಎನ್ನುತ್ತಾ ಬಂದಿದ್ದೇನೆ. ಡಬ್ಬಿ ಇರುವುದು ನಿಜ. ಲ್ಯಾಬಿನಲ್ಲಿ ತಯಾರಾದ ಹಲ್ಲಿನ ಸೆಟ್ಟುಗಳನ್ನು ಕ್ಲಿನಿಕ್ಕುಗಳಿಗೆ ಮುಟ್ಟಿಸಿ, ಅಲ್ಲಿಂದ ಬಾಯಿಯ ಪ್ಲಾಸ್ಟರ್ ಅಚ್ಚುಗಳನ್ನು ತರುವುದೇ ನನ್ನ ಕೆಲಸ. ಹಾಗಾಗಿ ಹೇಳಿದ್ದು ಸುಳ್ಳಲ್ಲ. ಆದರೆ ಆ ಡಬ್ಬಿಯನ್ನು ಬಿಚ್ಚಿ ಕೆಳಗಿಡಲು ಎರಡು ಕೊಕ್ಕೆ ತೆಗೆದರೆ ಸಾಕು ಎಂಬುದನ್ನು ಯಾರಿಗೂ ಹೇಳಿಲ್ಲ.

ಇವತ್ತು ದೊಡ್ಡಮ್ಮ ಕೇಳಿದಳು. ಡಬ್ಬಿಯ ಕಥೆ ಅವಳ ಮುಂದೆ ನಡೆಯುವುದಿಲ್ಲ.

"ಏಪ್ರಿಲ್‌ನಲ್ಲಿ ಆಪರೇಷನ್. ಅದಕ್ಕೆ ಮುಂಚೆ ನನ್ನನ್ನ ಒಂದು ಕಡೆ ಕರ್ಕೊಂಡು ಹೋಗ್ತೀಯೇನೇ, ಗಿರಗಿಟ್ಲೆ?"

ನಾನು ಒಂದು ಕಡೆ ನಿಲ್ಲುವವಳಲ್ಲ ಎಂದು ಅವಳು ಇಟ್ಟ ಹೆಸರು ಅದು. ಹತ್ತನೇ ತರಗತಿಯ ನಡುವೆ ನಾನು ಶಾಲೆ ಬಿಟ್ಟು ಬಂದ ದಿನ ಮನೆಯಲ್ಲಿ ಎಲ್ಲರೂ ಬೈದರು. ಅವಳೊಬ್ಬಳು ಮಾತ್ರ "ಬೆಂಚಿಗಾದರೂ ಬಿಡುವು ಸಿಕ್ಕಿತು" ಎಂದಿದ್ದಳು.

"ಎಲ್ಲಿಗೆ?"

"ನಲವತ್ತೇಳಕ್ಕೆ."

ಅದು ಊರಲ್ಲ, ನಕ್ಷೆಯ ಹಾಳೆ. ದೊಡ್ಡಮ್ಮ ನಕ್ಷೆ ಕಚೇರಿಯಲ್ಲಿ ಇಡೀ ಕಾಲ ಮೇಜಿನ ಮೇಲೆ ಬಾಗಿಯೇ ಕಳೆದವಳು. ಬೆನ್ನು ಹೋದದ್ದೂ ಹಾಗೆಯೇ. ಬೇರೆಯವರು ಬೆಟ್ಟ ಹತ್ತಿ ಅಳೆದು ತಂದ ಅಂಕಿಗಳನ್ನು ನೋಡಿಕೊಂಡು ಇವಳು ಗೆರೆ ಎಳೆಯುತ್ತಿದ್ದಳು. ಒಂದೇ ಎತ್ತರದಲ್ಲಿರುವ ಜಾಗಗಳನ್ನೆಲ್ಲ ಸೇರಿಸಿದರೆ ಒಂದು ಗೆರೆ. ಗೆರೆಗಳು ದೂರ ದೂರ ಇದ್ದರೆ ನೆಲ ಸಪಾಟು, ಹತ್ತಿರ ಹತ್ತಿರ ಬಂದರೆ ಕಡಿದು. ನಲವತ್ತೇಳನೇ ಹಾಳೆಯಲ್ಲಿ ಒಂದು ಕಡೆ ಐದು ಗೆರೆಗಳು ಒಂದರ ಮೇಲೊಂದು ಕೂತುಬಿಟ್ಟಿವೆಯಂತೆ.

"ಮೇಲಿನವರು ಕೈ ಜಾರಿದೆ ಅಂದ್ರು. ನಾನು ಅಂಕಿ ಹೀಗೇ ಇದೆ ಅಂತ ಹಟ ಹಿಡಿದೆ. ಅಚ್ಚಾಗಿ ಹೋಯ್ತು. ಗೆರೆ ಸರಿ ಇದ್ರೆ ಅಲ್ಲಿ ನೆಟ್ಟಗೆ ನಿಂತ ಕಲ್ಲಿನ ಗೋಡೆ ಇರಬೇಕು. ಇದೆಯೋ, ನನ್ನ ಪೆನ್ನೇ ಜಾರಿತ್ತೋ, ಇವತ್ತಿಗೂ ಖಾತ್ರಿ ಇಲ್ಲ ನೋಡು."

"ಫೋನಲ್ಲೇ ನೋಡಬಹುದಲ್ಲ ದೊಡ್ಡಮ್ಮ, ಆಕಾಶದಿಂದ ತೆಗೆದ ಚಿತ್ರ ಸಿಗುತ್ತೆ."

"ಮೇಲಿಂದ ನೋಡಿದ್ರೆ ಗೋಡೆ ಒಂದು ಗೆರೆ ತರ ಕಾಣ್ಸುತ್ತೆ. ಆ ಗೆರೆ ನಾನು ಕಂಡಿದೀನಿ. ಕೆಳಗೆ ನಿಂತು ತಲೆ ಎತ್ತಬೇಕು ನನಗೆ."

ಬಸ್ಸು ನದಿಯವರೆಗೆ ಮಾತ್ರ. ಆಚೆಗೆ ತೂಗುಸೇತುವೆ, ಅದರ ಮೇಲೆ ಎರಡು ಚಕ್ರದ ಗಾಡಿಗಷ್ಟೇ ಜಾಗ. ಆಮೇಲೆ ಕಲ್ಲುದಾರಿ. ಈ ಎರಡನೇ ಆಪರೇಷನ್ನಿನಲ್ಲಿ ಬೆನ್ನಿಗೆ ಕಂಬಿ ಹಾಕುತ್ತಾರೆ, ಅದಾದ ಮೇಲೆ ಬೈಕ್ ಹತ್ತುವ ಮಾತೇ ಇಲ್ಲ. ಈಗ? "ಕೂರಬಹುದು, ಕುಲುಕಬಾರದು" ಎಂದಿದ್ದಾರಂತೆ ಡಾಕ್ಟರು.

ನನ್ನ ಬೈಕಿನ ಹಿಂಭಾಗ ಹೇಗೆ ಕುಲುಕುತ್ತದೆಂದರೆ ಹೋದ ವಾರ ಡಬ್ಬಿಯೊಳಗೆ ಮೂರು ಅಚ್ಚುಗಳ ಮುಂದಿನ ಹಲ್ಲು ಮುರಿದಿದ್ದವು.

"ನೋಡೋಣ" ಎಂದೆ. ನಾನು ನೋಡೋಣ ಎನ್ನುವವಳೇ ಅಲ್ಲ. ಆಗುತ್ತೆ, ಇಲ್ಲ ಆಗಲ್ಲ, ಎರಡೇ ನನ್ನ ಬಾಯಲ್ಲಿ ಬರುವುದು.

ಮಾರ್ಚ್ 5, ಗುರುವಾರ

ಮೇಲುಸೇತುವೆಯ ಕೆಳಗಿನ ಮೆಕ್ಯಾನಿಕ್ ಹತ್ತಿರ ಹೋದೆ. ಎಲ್ಲರೂ ಅವನನ್ನು ಮೌನಿ ಎನ್ನುತ್ತಾರೆ, ಯಾಕೆಂದರೆ ಅವನ ಬಾಯಿ ನಿಲ್ಲುವುದಿಲ್ಲ. ಮೇಲೆ ದೊಡ್ಡ ಗಾಡಿ ಹೋದಾಗಲೆಲ್ಲ ಗೋಡೆಗೆ ತೂಗುಹಾಕಿದ ಸ್ಪ್ಯಾನರುಗಳು ಒಟ್ಟಿಗೆ ಕಿಣಿಕಿಣಿ ಎನ್ನುತ್ತವೆ, ಅವನು ಆಗ ದನಿ ಏರಿಸುತ್ತಾನೆ.

ಬೈಕಿನ ಹಿಂಭಾಗವನ್ನು ಒಂದು ಸಲ ಒತ್ತಿ ಬಿಟ್ಟ. ಅದು ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಲೇ ಇತ್ತು. ಅವನು ಕೈ ಕಟ್ಟಿ ನೋಡುತ್ತಾ ನಿಂತ.

"ನಿಲ್ಲೋವರೆಗೆ ಚಹಾ ಕುಡಿದು ಬರೋಣ್ವಾ? ಇದು ಶಾಕ್ ಅಬ್ಸಾರ್ಬರ್ ಅಲ್ಲ ತಾಯಿ, ಹಾಸಿಗೆ ಸ್ಪ್ರಿಂಗು. ಎಣ್ಣೆ ಎಲ್ಲ ಸೋರಿ ಹೋಗಿದೆ. ಹಿಂದೆ ಯಾರು ಕೂರೋದು?"

"ಈಗ ಯಾರೂ ಇಲ್ಲ. ಮುಂದೆ ನಮ್ಮ ದೊಡ್ಡಮ್ಮ ಕೂರಬೇಕು. ಬೆನ್ನು ಸರಿ ಇಲ್ಲ ಅವಳಿಗೆ."

"ಕರ್ಕೊಂಡು ಬಾ."

"ಶಾಕ್ ತಗೊಳೋಕೆ ದೊಡ್ಡಮ್ಮ ಯಾಕೆ ಮಾಮ?"

"ಚಪ್ಪಲಿ ತಗೊಳೋಕೆ ಕಾಲನ್ನ ಮನೇಲಿಟ್ಟು ಹೋಗ್ತೀಯಾ?" ಎಂದು ತಲೆಯ ಮೇಲಿನ ತಗಡು ತೋರಿಸಿದ. ಬಣ್ಣದಲ್ಲಿ ಬರೆದಿದೆ: ಕೂರುವವರು ಬಾರದೆ ಸ್ಪ್ರಿಂಗ್ ಕೊಡಲಾಗದು. ಇಷ್ಟು ವರ್ಷ ಅದನ್ನು ಓದಿಯೂ ತಮಾಷೆ ಎಂದುಕೊಂಡಿದ್ದೆ.

ಕರೆದುಕೊಂಡು ಬರುವುದೆಂದರೆ ಕೂರಿಸಿಕೊಂಡು ಬರುವುದು. ಆಗಲ್ಲ ಎಂದು ಹೇಳಲಿಲ್ಲ, ಕೆಲಸ ಇದೆ ಎಂದು ಬಂದೆ. ಕೆಲಸ ಇತ್ತು.

ಮಾರ್ಚ್ 6, ಶುಕ್ರವಾರ

ಏನೂ ಆಗಲಿಲ್ಲ. ಮೌನಿಯ ಅಂಗಡಿಯ ಮುಂದೆ ಸುಮ್ಮನೆ ಎರಡು ಸಲ ಹಾದುಹೋದೆ.

ಮಾರ್ಚ್ 8, ಭಾನುವಾರ

ಇದನ್ನು ಹೇಗೆ ಬರೆಯಬೇಕೋ ಗೊತ್ತಾಗುತ್ತಿಲ್ಲ.

ಮೌನಿ ಇವತ್ತು ಯಾರದೋ ಗುಜರಿ ಶಾಕ್ ಒಂದನ್ನು ನನ್ನೆದುರು ಕೊಯ್ದು ಬಿಚ್ಚಿದ. ಹೊರಗಿನ ಸ್ಪ್ರಿಂಗ್ ತೆಗೆದರೆ ಒಳಗೆ ಒಂದು ಕೊಳವೆ. ಕೊಳವೆಯೊಳಗೆ ಸರಳು. ಸರಳಿನ ತುದಿಗೆ ನಾಣ್ಯದಷ್ಟು ಅಗಲದ ಒಂದು ಬಿಲ್ಲೆ, ಅದರಲ್ಲಿ ತೂತುಗಳು. ಸೂಜಿ ತೂರಿಸುವಷ್ಟು ಸಣ್ಣವು. ಉಳಿದದ್ದು ಎಣ್ಣೆ. ಇಷ್ಟೇ.

"ಇಷ್ಟೇನಾ?" ಎಂದೆ.

"ಇಷ್ಟೇ. ಗುಂಡಿಗೆ ಚಕ್ರ ಇಳೀತು ಅಂದ್ರೆ ಸರಳು ಒಳಗೆ ಹೋಗುತ್ತೆ. ಎಣ್ಣೆ ಈ ತೂತಲ್ಲಿ ನುಸುಳಿ ಈ ಕಡೆಯಿಂದ ಆ ಕಡೆಗೆ ಹೋಗಬೇಕು. ಅಷ್ಟು ಸಣ್ಣ ಬಾಗಿಲಲ್ಲಿ ಎಷ್ಟು ಬೇಗ ಹೋಗೋಕಾಗುತ್ತೆ ಹೇಳು."

ಆಮೇಲೆ ಸ್ಪ್ರಿಂಗ್ ಹಾಕದ ಒಂದು ಹೊಸ ಕೊಳವೆಯನ್ನು ಕೈಗೆ ಕೊಟ್ಟ. "ನಿಧಾನಕ್ಕೆ ಒತ್ತು."

ಒತ್ತಿದೆ. ಬೆಣ್ಣೆಯೊಳಗೆ ಬೆರಳು ಇಳಿದಂತೆ ಇಳಿಯಿತು.

"ಈಗ ಗುದ್ದು."

ಗುದ್ದಿದೆ. ಗೋಡೆ. ಅಂಗೈ ಚುರ್ರೆಂದಿತು. ಅದೇ ವಸ್ತು, ಅದೇ ಎಣ್ಣೆ, ಅದೇ ತೂತು.

"ಅವಸರದವರಿಗೆ ದಾರಿ ಬಿಡಲ್ಲ ಇದು" ಎಂದ ಮೌನಿ. "ನಿನ್ನ ಶಾಲೆ ಮೇಷ್ಟ್ರ ತರ."

ಮತ್ತೆ ನಿಧಾನಕ್ಕೆ ಒತ್ತಿದೆ. ಮತ್ತೆ ಗುದ್ದಿದೆ. ಯಾವ ಕಣ್ಣೂ ಇಲ್ಲದ ಈ ಕೊಳವೆಗೆ ನಾನು ಹೇಗೆ ಬರುತ್ತಿದ್ದೇನೆಂದು ಗೊತ್ತಾಗುತ್ತದೆ. ದಿನವೂ ನನ್ನ ಕೆಳಗೆ ಎರಡು ಇಂಥವು ಇದ್ದವು. ಊರಿನ ಪ್ರತಿ ಗುಂಡಿ, ಪ್ರತಿ ಉಬ್ಬು, ಹಳಿ ದಾಟುವಾಗಿನ ಪ್ರತಿ ಏಟು ಆ ಸೂಜಿತೂತುಗಳಲ್ಲಿ ನುಸುಳಿ ಹೋಗಿವೆ. ನಾನು ಒಂದು ದಿನವೂ ಬಗ್ಗಿ ನೋಡಿರಲಿಲ್ಲ.

ಮೇಲೇಳಲು ಹೋದರೆ ಎರಡೂ ಕಾಲು ಜೋಮು ಹಿಡಿದಿದ್ದವು. ಯಾಕೋ ತಿಳಿಯಲಿಲ್ಲ. ಹೊರಗೆ ಬಂದರೆ ಬೀದಿದೀಪ ಹತ್ತಿತ್ತು. ನಾನು ಹೋದದ್ದು ಮಧ್ಯಾಹ್ನದ ಊಟ ಮುಗಿಸಿದ ಕೂಡಲೆ.

ಮಾರ್ಚ್ 10, ಮಂಗಳವಾರ

ಮೌನಿ ಮೂರು ದಾರಿ ಹೇಳಿದ. ಒಂದು, ಬೈಕಿನ ಜೊತೆಗೆ ಬಂದಂಥದ್ದೇ ಹೊಸ ಜೋಡಿ. ಎರಡು, ಪಕ್ಕದಲ್ಲಿ ಗಾಳಿಯ ಡಬ್ಬಿ ಇರುವ ಕೆಂಪು ಸ್ಪ್ರಿಂಗಿನ ಜೋಡಿ. ಮೂರು, ನನ್ನ ಹಳೆಯವನ್ನೇ ತೊಳೆದು ಎಣ್ಣೆ ತಡೆಯುವ ಹೊಸ ರಬ್ಬರ್ ಸೀಲು, ಹೊಸ ಎಣ್ಣೆ ಹಾಕಿ, ಸ್ಪ್ರಿಂಗು ಮಾತ್ರ ಬೇರೆ ಹುಡುಕುವುದು. ಮೂರನೆಯದನ್ನು ನಾನು ಕೇಳಿಸಿಕೊಳ್ಳಲೂ ಇಲ್ಲ. ಕೆಂಪಿನದು ಕಣ್ಣಿಗೆ ಹೊಡೆಯುವ ಹಾಗಿತ್ತು. ಒಳಗೆ ಗಾಳಿಯೂ ಎಣ್ಣೆಯೂ ಒಂದನ್ನೊಂದು ಮುಟ್ಟದೆ ಕೂತಿರುತ್ತವಂತೆ. ಅದನ್ನು ಕೇಳಿದ ಮೇಲೆ ಬೇರೆಯದು ಯಾರಿಗೆ ಬೇಕು.

"ಎಷ್ಟು ಭಾರಕ್ಕೆ?" ಎಂದು ಕೇಳಿದ.

ನಾನು ತಯಾರಾಗಿಯೇ ಹೋಗಿದ್ದೆ. ಬೆಳಿಗ್ಗೆ ದೊಡ್ಡಮ್ಮನನ್ನು ಕೇಳಿದ್ದೆ. ಅವಳು ಪೆನ್ಸಿಲ್ ಚೂಪು ಮಾಡುತ್ತಿದ್ದಳು, ತಲೆ ಎತ್ತದೆ ಹೇಳಿದ್ದಳು.

"ಅರವತ್ತೆರಡು ಕಿಲೋ" ಎಂದೆ.

"ತೂಗಿ ನೋಡಿದೀಯಾ?"

"ಅವಳೇ ಹೇಳಿದ್ದು."

"ಕೇಳಿದ ತಕ್ಷಣ ತೂಕ ಹೇಳಿದ ಹೆಂಗಸನ್ನ ನಾನು ಕಂಡಿಲ್ಲ."

"ನಮ್ಮ ಮನೇಲಿ ಸುಳ್ಳು ಹೇಳಲ್ಲ ಮಾಮ."

ಮೌನಿ ನನ್ನನ್ನೇ ನೋಡಿದ. ಸ್ಪ್ಯಾನರುಗಳು ಕಿಣಿಕಿಣಿ ಎಂದವು, ನಿಂತವು. ಕೊನೆಗೆ ಕೆಂಪು ಜೋಡಿಯನ್ನು ಕೊಟ್ಟ. "ಗೀಚದ ಹಾಗೆ ಇಟ್ಕೋ. ಆಗದಿದ್ರೆ ವಾಪಸ್ ತಗೋತೀನಿ. ತಗಡಿನ ಮಾತು ಮುರಿದಿದ್ದು ನೀನು, ನಾನಲ್ಲ."

ಮಾರ್ಚ್ 14, ಶನಿವಾರ

ಕೆಂಪು ಶಾಕ್ ಹಾಕಿಸಿದೆ. ಲ್ಯಾಬಿನಲ್ಲಿ ಪ್ಲಾಸ್ಟರ್ ಪುಡಿ ತೂಗುವ ತಕ್ಕಡಿಯಲ್ಲಿ ಅರವತ್ತೆರಡು ಕಿಲೋ ಮರಳು ತೂಗಿ, ಎರಡು ಚೀಲಕ್ಕೆ ತುಂಬಿ ಹಿಂದಿನ ಸೀಟಿಗೆ ಬಿಗಿದೆ. ಮೇಲೆ ಒಂದು ಪ್ಲಾಸ್ಟರ್ ಅಚ್ಚನ್ನೂ ಬಟ್ಟೆಯಲ್ಲಿ ಸುತ್ತಿಟ್ಟೆ. ಅಮ್ಮನ ಹೊಲಿಗೆಯ ಟೇಪನ್ನು ಕೇಳದೆಯೇ ತಂದಿದ್ದೆ. ನಾನೂ ಹತ್ತಿ ಕೂತು, ಚಕ್ರದ ನಡುವಿನಿಂದ ಸೀಟಿನ ಅಂಚಿನವರೆಗೆ ಮೌನಿಯಿಂದ ಅಳೆಸಿದೆ. ಭಾರ ಬಿದ್ದಾಗ ಶಾಕ್ ತನ್ನ ಪೂರ್ತಿ ಓಟದ ಮೂರರಲ್ಲಿ ಒಂದು ಪಾಲು ಕುಸಿಯಬೇಕಂತೆ. ಹೆಚ್ಚು ಕುಸಿದರೆ ಗುಂಡಿಯಲ್ಲಿ ತಳ ಬಡಿಯುತ್ತದೆ, ಕಮ್ಮಿ ಕುಸಿದರೆ ಒದೆಯುತ್ತದೆ. ಸರಿಯಾಗಿ ಮೂರರಲ್ಲಿ ಒಂದು ಪಾಲು ಬಂತು.

ಕ್ವಾರಿಯ ರಸ್ತೆಗೆ ಹೋದೆ. ಲಾರಿಗಳು ಅಗೆದು ಹಾಕಿದ ಆ ರಸ್ತೆಯಲ್ಲಿ ಬೈಕು ದೋಣಿಯ ಹಾಗೆ ಹೋಯಿತು. ಕೆಳಗೆ ಚಕ್ರ ಹುಚ್ಚು ಹಿಡಿದಂತೆ ಕುಣಿಯುತ್ತಿತ್ತು, ಮೇಲೆ ನಾನು ಸುಮ್ಮನೆ ಕೂತಿದ್ದೆ. ನಿಲ್ಲಿಸಿ ಬಟ್ಟೆ ಬಿಚ್ಚಿದೆ. ಯಾರದೋ ಬಾಯಿ, ಒಂದು ಹಲ್ಲೂ ಅಲುಗದೆ ನನ್ನನ್ನು ನೋಡಿ ನಗುತ್ತಿತ್ತು.

ನಾಳೆ ದೊಡ್ಡಮ್ಮನನ್ನು ಕೂರಿಸುತ್ತೇನೆ. ಮರಳು ಕೂತಾಗ ಕೈ ಬೆವರಲಿಲ್ಲ. ನಾಳೆಯೂ ಮರಳು ಎಂದುಕೊಳ್ಳಬೇಕು.

ಮಾರ್ಚ್ 15, ಭಾನುವಾರ

ಅಮ್ಮ ಹೊಲಿದುಕೊಟ್ಟ ದಪ್ಪ ಕೋಟು ಹಾಕಿಕೊಂಡು ದೊಡ್ಡಮ್ಮ ಬಂದು ನಿಂತಳು. ಸ್ಟೂಲಿನ ಮೇಲೆ ಕಾಲಿಟ್ಟು ಹತ್ತಿದಳು. ಹತ್ತಿದ್ದು ಗೊತ್ತೇ ಆಗಲಿಲ್ಲ. ಎಷ್ಟು ಹಗುರಾಗಿ ಹತ್ತುತ್ತಾಳೆ ಎಂದುಕೊಂಡೆ. ಅಷ್ಟೇ ಅಂದುಕೊಂಡೆ, ಮುಂದಕ್ಕೆ ಯೋಚಿಸಲಿಲ್ಲ.

"ಗಟ್ಟಿ ಹಿಡ್ಕೋ."

"ನಾನು ಹಿಡ್ಕೊಂಡಿದೀನಿ, ನೀನು ಉಸಿರು ಬಿಡು."

ಬೀದಿಯ ತಿರುವಿನಲ್ಲಿ ನೀರಿನ ಪೈಪಿಗೆಂದು ಅಗೆದು ಮುಚ್ಚಿದ ಸಣ್ಣ ಉಬ್ಬು ಇದೆ. ಅಲ್ಲಿ ಬೈಕು ಒದೆಯಿತು. "ಚೆನ್ನಾಗಿದೆ" ಎಂದಳು ದೊಡ್ಡಮ್ಮ. ಹಳಿಯ ಮೇಲೆ ಮತ್ತೆ ಒದೆಯಿತು. "ಚೆನ್ನಾಗಿದೆ, ಚೆನ್ನಾಗಿದೆ." ಪ್ರತಿ ಏಟಿಗೂ ಅವಳು ಅದನ್ನೇ ಹೇಳುತ್ತಿದ್ದಳು. ಒಂದೊಂದು ಸಲಕ್ಕೂ ದನಿ ಸಣ್ಣದಾಗುತ್ತಿತ್ತು. ಕ್ವಾರಿಯ ಕಡೆಗೆ ಹೋಗದೆ ತಿರುಗಿಸಿದೆ.

ಮನೆಯ ಮುಂದೆ ನಿಲ್ಲಿಸಿದರೆ ಇಳಿಯಲಿಲ್ಲ.

"ಇಳಿ ದೊಡ್ಡಮ್ಮ."

"ಇರು. ಇಲ್ಲಿಂದ ನೋಟ ಚೆನ್ನಾಗಿದೆ."

ಎದುರಿಗೆ ಇದ್ದದ್ದು ಪಕ್ಕದ ಮನೆಯ ಗೋಡೆ. ಅಮ್ಮ ಬಂದು ಒಂದು ಕಡೆ, ನಾನು ಒಂದು ಕಡೆ ಹಿಡಿದು ಇಳಿಸಿದೆವು.

ಮಾರ್ಚ್ 16, ಸೋಮವಾರ

ದೊಡ್ಡಮ್ಮ ಮಲಗೇ ಇದ್ದಾಳೆ. ಅಮ್ಮ ಹೊಲಿಗೆ ಯಂತ್ರ ತುಳಿಯುತ್ತಿದ್ದಾಳೆ, ನನ್ನ ಜೊತೆ ಮಾತಿಲ್ಲ. ಬೈಕು ಮಾರಿಬಿಡಬೇಕು.

ಮಾರ್ಚ್ 18, ಬುಧವಾರ

ದೊಡ್ಡಮ್ಮ ಎದ್ದು ಕೂತಳು. ವಿಷಯ ತಿಳಿದು ಮೌನಿ ಮನೆಗೇ ಬಂದ. ಅವನು ಮೇಲುಸೇತುವೆಯ ನೆರಳು ಬಿಟ್ಟು ಹೊರಗೆ ಬಂದದ್ದನ್ನು ನಾನು ಕಂಡೇ ಇರಲಿಲ್ಲ, ಬಿಸಿಲಿನಲ್ಲಿ ಬೇರೆ ಯಾರೋ ಅನಿಸಿದ. ಅಮ್ಮ ಹೊಲಿದ ಬಟ್ಟೆ ಕೊಡಲು ಹೊರಗೆ ಹೋಗಿದ್ದಳು.

"ಅಕ್ಕಾ, ನನ್ನ ಅಂಗಡಿ ತಗಡಿಗೆ ಮರ್ಯಾದೆ ಉಳೀಬೇಕು ಅಂದ್ರೆ ಒಂದು ಸಲ ನಿಂತ ಬೈಕ್ ಮೇಲೆ ಕೂರಿ. ಓಡಿಸಲ್ಲ" ಎಂದ.

ನಾನು ಮುಂದೆ ಕೂತೆ. ದೊಡ್ಡಮ್ಮ ಹಿಂದೆ. ಮೌನಿ ಒಂದು ಕೈಯಲ್ಲಿ ಬೈಕು ಹಿಡಿದು ಇನ್ನೊಂದರಲ್ಲಿ ಟೇಪು ಇಳಿಬಿಟ್ಟ. ನೋಡಿದ. ನಮ್ಮನ್ನು ಇಳಿಸಿ ಮತ್ತೆ ಕೂರಿಸಿ ಮತ್ತೆ ನೋಡಿದ. ನಾನೂ ಬಗ್ಗಿ ಟೇಪು ಓದಿದೆ. ಮರಳಿಗೆ ಕುಸಿದದ್ದಕ್ಕಿಂತ ಎಷ್ಟೋ ಕಮ್ಮಿ. ಮರಳನ್ನು ತೂಗಿದವಳು ನಾನೇ. ಟೇಪು ಅಮ್ಮನದು, ಅದು ಇಡೀ ಬೀದಿಯ ಸೊಂಟ ಅಳೆದ ಟೇಪು.

"ಅಕ್ಕಾ, ಸ್ಪ್ರಿಂಗು ನಿಮ್ಮನ್ನ ಗುರುತು ಹಿಡೀತಿಲ್ಲ" ಎಂದ ಮೌನಿ ಮೆಲ್ಲಗೆ.

ಆಗ ನನಗೆ ಹೊಳೆಯಿತು. "ದೊಡ್ಡಮ್ಮ, ನೀನು ಅರವತ್ತೆರಡು ಅಲ್ಲ."

"ಇದ್ದೆ."

"ಯಾವಾಗ?"

"ಹೋದ ವರ್ಷ. ಮೊದಲನೇ ಆಪರೇಷನ್ನಿಗೆ ಮುಂಚೆ." ಕೋಟಿನ ಗುಂಡಿ ತಿರುಗಿಸುತ್ತಾ ಹೇಳಿದಳು, "ನೋವು ಇರೋವಾಗ ಊಟ ಸೇರಲ್ಲ ಕಣೇ. ಈಗ ನಲವತ್ತಾರು. ನಲವತ್ತೇಳಕ್ಕೆ ಒಂದು ಕಮ್ಮಿ."

ಅವಳೊಬ್ಬಳೇ ನಕ್ಕಳು. ನನಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ನಾನು ಮೌನಿಯ ಮುಂದೆ ಎದೆ ಸೆಟೆಸಿ ಹೇಳಿದ ಮಾತು ನೆನಪಾಗಿ ಮುಖ ಬಿಸಿಯಾಯಿತು. ಆಮೇಲೆ ಬೇರೆ ಏನೋ. ಯಾರೂ ಹೇಳದ ಮಾತನ್ನು ಒಂದು ಕಬ್ಬಿಣದ ಸುರುಳಿ ಮೂರು ದಿನದಿಂದ ಹೇಳುತ್ತಲೇ ಇತ್ತು. ನಾವು ಅದನ್ನು ಒದೆತ ಎಂದುಕೊಂಡಿದ್ದೆವು.

"ನಿಮ್ಮಮ್ಮನಿಗೆ ಹೇಳ್ಬೇಡ. ಗೊತ್ತಾದ್ರೆ ಗೇಟಿಗೆ ಬೀಗ ಹಾಕ್ತಾಳೆ."

"ಕೇಳಿದ್ರೆ ಸುಳ್ಳು ಹೇಳಲ್ಲ ನಾನು."

"ಕೇಳದಿದ್ರೆ?"

ನಾನು ಟೇಪು ಸುತ್ತತೊಡಗಿದೆ.

ಮೌನಿ ಕೆಂಪು ಶಾಕ್ ಬಿಚ್ಚಿಕೊಂಡು, ಓಡಾಟಕ್ಕೆ ಸದ್ಯಕ್ಕೆ ಯಾವುದೋ ಹಳೆಯ ಜೋಡಿ ಹಾಕಿಕೊಟ್ಟ. ಸ್ಪ್ರಿಂಗಿನ ಬಿಗಿ ತಿರುಗಿಸಿ ಸಡಿಲ ಮಾಡಬಹುದಲ್ಲ ಎಂದು ಕೇಳಿದೆ. "ತಿರುಗಿಸಿದ್ರೆ ಅದರ ಎತ್ತರ ಬದಲಾಗುತ್ತೆ. ಸ್ವಭಾವ ಬದಲಾಗಲ್ಲ" ಎಂದ. ಮೂರನೆಯ ದಾರಿಯೇ ಸರಿಯಂತೆ. ನನ್ನ ಹಳೆಯ ಕೊಳವೆಗಳು, ಹೊಸ ಸೀಲು, ಹೊಸ ಎಣ್ಣೆ, ಮೇಲೆ ಇದಕ್ಕಿಂತ ಸಣ್ಣ ಬೈಕಿನ ಮೆತ್ತನೆಯ ಸ್ಪ್ರಿಂಗು, ಉದ್ದ ಮಾತ್ರ ಇಷ್ಟೇ ಇರಬೇಕು.

"ಸೀಲು ಕೂರಿಸೋದು ನೀನೇ. ನನ್ನ ಕಣ್ಣಿಗೆ ಅಷ್ಟು ಸಣ್ಣದು ಆಗಲ್ಲ."

ಮಾರ್ಚ್ 21, ಶನಿವಾರ

ಮೂರು ದಿನದಿಂದ ಕೆಲಸ ಮುಗಿಸಿ ನೇರ ಮೇಲುಸೇತುವೆಯ ಕೆಳಗೆ. ಸರಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಬೇಕು, ಕೂದಲೆಳೆಯಷ್ಟು ಗೀರಿದ್ದರೂ ಎಣ್ಣೆ ಹೊರಗೆ ಬರುತ್ತದೆ. ಇರಲಿಲ್ಲ. ಇಷ್ಟು ವರ್ಷ ಮಣ್ಣಿನಲ್ಲಿ ಓಡಾಡಿದ ಸರಳು, ಕನ್ನಡಿಯ ಹಾಗಿತ್ತು. ಅದರಲ್ಲಿ ನನ್ನ ಮೂಗು ಉದ್ದಕ್ಕೆ ಕಾಣುತ್ತಿತ್ತು. ಸೀಲಿನ ತುಟಿ ಎಷ್ಟು ತೆಳು ಎಂದರೆ ಉಗುರು ತಾಗಿದರೆ ಹರಿಯುತ್ತದೆ. ಮೊದಲನೆಯದು ಹರಿಯಿತು. ಎರಡನೆಯದೂ. ಮೂರನೆಯದಕ್ಕೆ ಎಣ್ಣೆ ಸವರಿ, ಉಸಿರು ಹಿಡಿದು, ತಿರುಗಿಸುತ್ತಾ ತಿರುಗಿಸುತ್ತಾ ಇಳಿಸಿದೆ. ಕೂತಿತು. ಆಮೇಲೆ ಎಣ್ಣೆ ಹುಯ್ದು, ಸರಳನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಬೇಕು, ಕೊನೆಯ ಗುಳ್ಳೆ ಬರುವವರೆಗೆ. ಗುಳ್ಳೆಗಳು ಒಂದೊಂದಾಗಿ, ಬಿಡುವಾಗಿ ಬರುತ್ತವೆ. ಮೌನಿ ಏನೇನೋ ಹೇಳುತ್ತಿದ್ದ, ಒಂದೂ ಕೇಳಿಸಲಿಲ್ಲ.

ಮನೆಗೆ ಬಂದರೆ ಅಮ್ಮ ಟೇಪು ಹಿಡಿದು ನಿಂತಿದ್ದಳು. ದೊಡ್ಡಮ್ಮ ಒಳಗೆ ಸ್ನಾನಕ್ಕೆ ಹೋಗಿದ್ದಳು.

"ನನ್ನ ಟೇಪಿಗೆ ಗ್ರೀಸ್ ಹತ್ತಿದೆ. ಏನಳೆದೆ?"

"ಬೈಕು ಎಷ್ಟು ಕುಸಿಯುತ್ತೆ ಅಂತ."

"ಅಕ್ಕ ಕೂತಾಗ ಎಷ್ಟು ಕುಸೀತು?"

ಕೇಳಿಯೇಬಿಟ್ಟಳು. ಬಾಯಿ ತೆರೆದೆ. ಹಿಂದೆಲ್ಲ ಬಾಯಿ ತೆರೆದರೆ ಮಾತು ತಾನೇ ಬೀಳುತ್ತಿತ್ತು.

"ಕುಸಿಯಬೇಕಾದಷ್ಟು ಇಲ್ಲ" ಎಂದೆ.

ಅಮ್ಮ ಮೊಳೆಗೆ ತೂಗುಹಾಕಿದ್ದ ದೊಡ್ಡಮ್ಮನ ಕೋಟನ್ನು ತಂದು ಒಳಮೈ ಹೊರಗೆ ತಿರುವಿ ದೀಪದ ಕೆಳಗೆ ಹಿಡಿದಳು. ಪಕ್ಕದಲ್ಲಿ ಒಂದು ಹೊಲಿಗೆ. ಅದರ ಒಳಗೆ ಇನ್ನೊಂದು. ಅದರ ಒಳಗೆ ಮತ್ತೊಂದು. ಸೊಂಟದ ಹತ್ತಿರ ಬರುವಾಗ ಹೊಲಿಗೆಗಳು ಹತ್ತಿರ ಹತ್ತಿರ, ದೊಡ್ಡಮ್ಮನ ಗೆರೆಗಳ ಹಾಗೆ.

"ತಿಂಗಳಿಗೊಂದು ಹಾಕ್ತಾ ಬಂದಿದೀನಿ, ಅವಳು ಸ್ನಾನಕ್ಕೆ ಹೋದಾಗ. ಅವಳ ಎಲ್ಲ ಬಟ್ಟೆಗೂ" ಎಂದಳು. "ಬಟ್ಟೆ ಸಡಿಲ ಆದ್ರೆ ಕನ್ನಡಿ ಮುಂದೆ ನಿಂತು ಎದೆ ಒಡ್ಕೋತಾಳೆ ಅಂತ."

"ಅವಳಿಗೆ ಗೊತ್ತು ಅಮ್ಮ. ನಿನಗೆ ಗೊತ್ತಾಗಬಾರದು ಅಂತಿದಾಳೆ."

"ಹಾಗಂದ್ಕೊಂಡಿರ್ಲಿ ಬಿಡು. ಅಷ್ಟಾದ್ರೂ ಧೈರ್ಯ ಬೇಕಲ್ಲ ಅವಳಿಗೆ."

"ಮತ್ತೆ ಹೋಗೋದು ಬೇಡ ಅಂತೀಯಾ?"

"ಬೇಡ ಅನ್ನೋಳು ಕೋಟಿಗೆ ಹೊಸ ಲೈನಿಂಗ್ ಯಾಕೆ ಹಾಕ್ತಿದ್ದೆ? ನಿನ್ನ ಮೇಲೆ ಸಿಟ್ಟು ಬಂದಿದ್ದು ಬೇರೆ ಕಾರಣಕ್ಕೆ. ಮರಳು ಕೂರಿಸಿ ನೋಡಿದೀಯ, ನನ್ನನ್ನ ಒಂದು ಸಲ ಕೇಳಲಿಲ್ಲ. ಊರಲ್ಲಿ ಯಾರ ಸೊಂಟ ಎಷ್ಟು ಅಂತ ನನಗಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ?"

ಬಚ್ಚಲಮನೆಯ ಚಿಲಕ ಸದ್ದಾಯಿತು. ಅಮ್ಮ ಕೋಟನ್ನು ತಿರುವಿ ಮೊಳೆಗೆ ಹಾಕಿದಳು. ದೊಡ್ಡಮ್ಮ ಬಂದು ಇಬ್ಬರ ಮುಖವನ್ನೂ ನೋಡಿ "ಏನು ಗುಸುಗುಸು?" ಎಂದಳು.

"ಟೇಪಿಗೆ ಗ್ರೀಸ್ ಹಚ್ಚಿದಾಳೆ ನಿನ್ನ ಗಿರಗಿಟ್ಲೆ" ಎಂದಳು ಅಮ್ಮ.

ಎರಡೇ ಕೋಣೆಯ ಮನೆ. ಹಾಸಿಗೆಗೂ ಹೊಲಿಗೆ ಯಂತ್ರಕ್ಕೂ ನಡುವೆ ನಾಲ್ಕು ಹೆಜ್ಜೆಯೂ ಇಲ್ಲ. ಅಷ್ಟರಲ್ಲೇ ಇಬ್ಬರೂ ಒಬ್ಬರಿಗೊಬ್ಬರು ತಾಗದ ಹಾಗೆ ಇದನ್ನು ಹೊತ್ತುಕೊಂಡು ಓಡಾಡಿದ್ದಾರೆ. ಒಂದು ವರ್ಷ. ನಾನು ಅದೇ ಮನೆಯಲ್ಲಿ ಉಂಡು ಮಲಗಿ ಎದ್ದಿದ್ದೇನೆ.

ಇವತ್ತು ನಾನು ಸುಳ್ಳು ಹೇಳಲಿಲ್ಲ. ದೊಡ್ಡಮ್ಮನಿಗೆ ಏನನ್ನೂ ಹೇಳಲೂ ಇಲ್ಲ.

ಮಾರ್ಚ್ 24, ಮಂಗಳವಾರ

ಶಾಕ್ ಕೂರಿಸಿದೆವು. ಸ್ಪ್ರಿಂಗು ಕಪ್ಪು, ಅಲ್ಲಲ್ಲಿ ಬಣ್ಣ ಹೋಗಿದೆ, ಕೆಂಪಿನದರ ಮುಂದೆ ಬಡಪಾಯಿ. ದೊಡ್ಡಮ್ಮ ಕೂತಾಗ ಟೇಪು ಸರಿಯಾಗಿ ಮೂರರಲ್ಲಿ ಒಂದು ಪಾಲು ತೋರಿಸಿತು.

"ಈಗ ಗುರುತು ಹಿಡೀತು" ಎಂದ ಮೌನಿ.

ಕ್ವಾರಿಯ ರಸ್ತೆಗೆ ಹೋದೆವು. ಹಳಿಯ ಮೇಲೆ "ಚೆನ್ನಾಗಿದೆ" ಎನ್ನುತ್ತಾಳೇನೋ ಎಂದು ಕಿವಿ ಹಿಂದಕ್ಕಿಟ್ಟಿದ್ದೆ. ಅವಳು ಏನೂ ಅನ್ನಲಿಲ್ಲ. ಮೊದಲ ದೊಡ್ಡ ಗುಂಡಿಯಲ್ಲೂ ಇಲ್ಲ. ಹೆದರಿಕೆಯಾಗಿ "ದೊಡ್ಡಮ್ಮ?" ಎಂದೆ.

"ಆ ಗುಡ್ಡ ನೋಡು" ಎಂದಳು. "ಗೆರೆ ಹಾಕಿದ್ರೆ ಮೂರು ಬರುತ್ತೆ. ಬಲಗಡೆ ಸ್ವಲ್ಪ ದೂರ ದೂರ."

ಆಮೇಲೆ ಉದ್ದಕ್ಕೂ ಅದೇ. ಗುಡ್ಡ ಕಂಡಾಗ ಗೆರೆ ಎಣಿಸುತ್ತಿದ್ದಳು, ಬೆರಳಿನಿಂದ ನನ್ನ ಬೆನ್ನ ಮೇಲೆ ಎಳೆದು ತೋರಿಸುತ್ತಿದ್ದಳು. ಕಲ್ಲುಗಳ ಮೇಲೆ ಚಕ್ರ ಕುಣಿಯುತ್ತಿತ್ತು. ನನ್ನ ಬೆನ್ನ ಮೇಲೆ ಎಳೆದ ಗೆರೆ ಒಂದೂ ಅಲುಗಲಿಲ್ಲ.

ವಾಪಸ್ ಬಂದು ಅವಳು ತಾನೇ ಇಳಿದಳು. ಮೌನಿ "ಅಕ್ಕಾ, ಇಲ್ಲಿ ಕೈಯಿಡಿ" ಎಂದು ಶಾಕ್ ಕೊಳವೆ ತೋರಿಸಿದ. ಇಟ್ಟು, ತಟ್ಟನೆ ತೆಗೆದಳು.

"ಬಿಸಿ ಇದೆಯಲ್ಲ."

"ಕ್ವಾರಿ ರಸ್ತೆ ಪೂರ್ತಿ ಇದೆ ಅದರಲ್ಲಿ. ನಿಮ್ಮ ಬೆನ್ನಿಗೆ ಹೋಗಬೇಕಾಗಿದ್ದ ಏಟೆಲ್ಲ ಎಣ್ಣೆ ತಗೊಂಡು ಬಿಸಿ ಮಾಡ್ಕೊಂಡಿದೆ. ಇನ್ನು ಗಾಳಿಗೆ ಬಿಟ್ಟುಬಿಡುತ್ತೆ."

ನಾನೂ ಮುಟ್ಟಿದೆ. ಚಹಾದ ಲೋಟದಷ್ಟು ಬಿಸಿ. ಒಂದು ಏಟು ಎಲ್ಲಿಗಾದರೂ ಹೋಗಲೇಬೇಕು, ಯಾರಿಗಾದರೂ ತಾಗಲೇಬೇಕು ಎಂದು ನಾನು ತಿಳಿದಿದ್ದೆ. ಹೀಗೂ ಆಗುತ್ತದೆ ಎಂದು ಯಾವ ಪಾಠದಲ್ಲಿತ್ತೋ. ಇದ್ದಿದ್ದರೆ ಆ ದಿನ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆನೇನೋ.

ಮೂವರೂ ಬೈಕಿನ ಪಕ್ಕದಲ್ಲಿ ಕೂತು ಅದು ಆರುವವರೆಗೂ ಆಗಾಗ ಮುಟ್ಟಿ ನೋಡುತ್ತಿದ್ದೆವು. ಮೌನಿಯೂ ಸುಮ್ಮನಿದ್ದ.

ಮಾರ್ಚ್ 26, ಗುರುವಾರ

ಕ್ಲಿನಿಕ್ಕುಗಳ ಸುತ್ತು ಬೇಗ ಮುಗಿಯಿತು. ದಾರಿಯಲ್ಲಿ ಅಮ್ಮನನ್ನು ದಾರದ ಅಂಗಡಿಗೆ ಬಿಟ್ಟು, ಅಲ್ಲಿಂದ ಲ್ಯಾಬಿನಲ್ಲಿ ಹಲ್ಲಿಗೆ ಬಣ್ಣ ಹಾಕುವವಳನ್ನು ಅವಳ ಮನೆಗೆ ಬಿಟ್ಟು ಬಂದೆ. ಡಬ್ಬಿ ಇಡೀ ದಿನ ಲ್ಯಾಬಿನ ಮೂಲೆಯಲ್ಲೇ ಇತ್ತು, ಅಚ್ಚುಗಳನ್ನು ಚೀಲದಲ್ಲಿ ತಂದೆ. ಬೇರೆ ವಿಶೇಷ ಇಲ್ಲ.

ಮಾರ್ಚ್ 28, ಶನಿವಾರ

ಗಾಳಿ ನೋಡಿಸಿದೆ, ಚೈನಿಗೆ ಎಣ್ಣೆ ಹಾಕಿದೆ. ಶಾಕ್ ಕೊಳವೆಗಳ ಸುತ್ತ ಬೆರಳಾಡಿಸಿದೆ, ಒಣಗಿವೆ, ಒಂದು ಹನಿ ಸೋರಿಲ್ಲ. ಮೌನಿ ಒಂದು ಸ್ಪ್ಯಾನರ್ ಕೊಟ್ಟ. ಗೋಡೆಯಲ್ಲಿ ಅದರ ಜಾಗ ಖಾಲಿ ಕಾಣುತ್ತಿತ್ತು. "ವಾಪಸ್ ತಂದುಕೊಡು, ಇಲ್ಲದಿದ್ರೆ ಸಂಗೀತದಲ್ಲಿ ಒಂದು ಸ್ವರ ಕಮ್ಮಿಯಾಗುತ್ತೆ" ಎಂದ.

ಅಮ್ಮ ಕೋಟು ಇಸ್ತ್ರಿ ಮಾಡಿದಳು. ದೊಡ್ಡಮ್ಮ ಹಾಕಿ ನೋಡಿ "ನೋಡು, ಇಷ್ಟು ವರ್ಷವಾದ್ರೂ ಮೈಗೆ ಸರಿಯಾಗಿ ಕೂರುತ್ತೆ" ಎಂದಳು. ಅಮ್ಮ "ಹೊಲಿದೋಳು ಯಾರು" ಎಂದಳು. ಇಬ್ಬರೂ ನನ್ನ ಕಡೆ ನೋಡಲಿಲ್ಲ. ನಾನು ದಾರಿಗೆಂದು ಬ್ರೆಡ್ಡು ಸುತ್ತುತ್ತಿದ್ದೆ, ಸುತ್ತುತ್ತಲೇ ಇದ್ದೆ.

ದೊಡ್ಡಮ್ಮ ನಲವತ್ತೇಳನೇ ಹಾಳೆಯನ್ನು ಸುರುಳಿ ಮಾಡಿ ಕೊಳವೆಗೆ ಹಾಕಿದ್ದಾಳೆ. ಜೊತೆಗೆ ಅವಳ ಹಳೆಯ ನಿಬ್ಬಿನ ಪೆನ್ನು, ಒಂದು ಸಣ್ಣ ಮಸಿಬಾಟಲಿ.

"ಪೆನ್ನು ಯಾಕೆ?" ಎಂದೆ.

"ಗೋಡೆ ಇಲ್ಲದಿದ್ರೆ ತಿದ್ದಬೇಕಲ್ಲ."

"ಇದ್ರೆ?"

ಅವಳು ಯೋಚಿಸಿದಳು. "ಇದ್ರೆ ತಲೆ ಎತ್ತಿ ನೋಡಬೇಕು. ಕತ್ತು ನೋವಾದ್ರೆ ನಿನ್ನ ಹೆಗಲಿಗೆ ಒರಗ್ತೀನಿ."

ತೂಗುಸೇತುವೆಯವರೆಗೆ ಡಾಂಬರು, ಆಮೇಲೆ ಕಲ್ಲು. ಇಷ್ಟಿಷ್ಟು ದೂರಕ್ಕೆ ನಿಲ್ಲಿಸಿ ಅವಳನ್ನು ನಡೆದಾಡಿಸಬೇಕು. ನಿಂತಾಗಲೆಲ್ಲ ಶಾಕ್ ಕೊಳವೆ ಮುಟ್ಟಿ ನೋಡುತ್ತೇನೆ.

ನಾಳೆ ಬೆಳಕು ಹರಿದ ಕೂಡಲೆ ದೊಡ್ಡಮ್ಮನೂ ನಾನೂ ಹೊರಡುತ್ತೇವೆ.